ಹಗ್ಗ ಹಿಡಿದವರ ಪಾಲು

ಹೆಣ್ಣು ನೋಡುವ ಶಾಸ್ತ್ರವೆಲ್ಲ ಹಳೆಯದಾಯಿತು, ಅದರ ಬದಲು ಎರಡೂ ಮನೆಯವರು ಸೇರಿ ಒಂದು ದಿನ ಬೈಂದೂರಿನ ಕಡೆ ತಿರುಗಾಡಿ ಬರೋಣ ಎಂದು ಗಂಡಿನ ಕಡೆಯವರು ಫೋನು ಮಾಡಿದಾಗಲೇ ಸೌಮ್ಯಶ್ರೀಗೆ ಮೈಯೆಲ್ಲ ಉರಿದುಹೋಗಿತ್ತು. ಹಳೆಯ ಶಾಸ್ತ್ರದಲ್ಲಾದರೆ ಅರ್ಧ ಗಂಟೆ ಕೂತು, ಅವಲಕ್ಕಿ ತಿಂದು, ಚಾ ಕುಡಿದು, ಹಲ್ಲು ಕಿರಿದು ಎದ್ದು ಹೋಗುತ್ತಿದ್ದರು. ಇದು ಬೆಳಗಿನಿಂದ ಸಂಜೆಯವರೆಗಿನ ಸೆರೆವಾಸ. ಅದೂ ವಾರಕ್ಕೊಮ್ಮೆ ಸಿಗುವ ಭಾನುವಾರದ ರಜೆಯಲ್ಲಿ.

ಅವಳ ತಾಯಿ ಗಿರಿಜಾಗೆ ಮಾತ್ರ ನೆಲ ಕಾಣುತ್ತಿರಲಿಲ್ಲ. ಗಂಡಿನ ಮನೆಯವರಿಗೆ ಮುಂಬೈಯಲ್ಲಿ ಹೋಟೆಲುಗಳು, ಬ್ರಹ್ಮಾವರದಲ್ಲಿ ಹೊಸ ಬಂಗಲೆ, ಒಬ್ಬನೇ ಮಗ. ಇಷ್ಟರ ಮೇಲೆ ಹುಡುಗನ ಮುಖ ನೋಡುವ ಅಗತ್ಯವೇ ಅವಳಿಗೆ ಕಂಡಿರಲಿಲ್ಲ. ಆದರೆ ಮಗಳು ಎಷ್ಟು ಬೇಗ ಮೂಗು ಮುರಿಯುತ್ತಾಳೆಂದು ಗೊತ್ತಿದ್ದ ಅವಳು ಹಿಂದಿನ ದಿನವೇ ಅಡುಗೆಮನೆಯಲ್ಲಿ ಅಡ್ಡಗಟ್ಟಿ ನಿಂತಿದ್ದಳು.

"ಕಾಣ್ ಮಗಾ, ಒಬ್ಬ ಬಾಯ್ ತೆರ್ದ್ ಅಗಿತ ಅಂದೇಳಿ ಬಿಟ್ಟೆ. ಇನ್ನೊಬ್ಬ ಹೋಟ್ಲಂಗೆ ಮಾಣಿಗೆ ಚಿಟಿಕಿ ಹೊಡ್ದ್ ಕರ್ದ ಅಂದೇಳಿ ಬಿಟ್ಟೆ. ಈ ಸಲ ಹೂಂ ಅಂಬ್ದೋ ಉಹೂಂ ಅಂಬ್ದೋ ನಾಳೆ ಕತ್ಲಿ ಆಪುದ್ರೊಳಗೆ ಹೇಳ್ಕ್. ಉಹೂಂ ಅಂದ್ರೆ ನಾಲ್ಕ್ ಜನ ಒಪ್ಪು ಕಾರಣ ಹೇಳ್ಕ್. ಇಲ್ಲದಿದ್ರೆ ಇನ್ ಮೇಲೆ ನಾನ್ ನಿನ್ನ ಮದಿ ಸುದ್ದಿ ಎತ್ತುದಿಲ್ಲೆ."

ಸೌಮ್ಯಶ್ರೀಗೆ ಮದುವೆ ಬೇಡವೆಂದೇನೂ ಇರಲಿಲ್ಲ. ಬೇಕಿತ್ತು. ಅಪ್ಪ ತೀರಿಕೊಂಡ ಮೇಲೆ ಸಾಸ್ತಾನದ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಟಿವಿಯ ಎದುರು ಕೂತು ಉಂಡು ಉಂಡು ಅವಳಿಗೆ ಸಾಕಾಗಿತ್ತು. ದಿನದ ಸುದ್ದಿಯನ್ನು ಹೇಳಿಕೊಂಡು ನಗುವುದಕ್ಕೆ ಒಬ್ಬ ಮನುಷ್ಯ ಬೇಕಿತ್ತು. ಆದರೆ ಬಂದವರನ್ನು ನೋಡಿದರೆ ನಗು ಬರುತ್ತಿತ್ತೇ ಹೊರತು, ಅವರ ಜೊತೆ ಕೂತು ನಗಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

ಬೆಳಿಗ್ಗೆ ಬಂದ ಕಾರು ಮನೆಯ ಗೇಟಿಗಿಂತ ಅಗಲವಾಗಿತ್ತು. ಹುಡುಗನ ತಂದೆ ಇಳಿದು ಕೈಮುಗಿದರು. ಕಾರ್ಡಿನಲ್ಲಿ ಅವರ ಹೆಸರು ಶ್ರೀನಿವಾಸ್ ಎಂದಿತ್ತು. ಊರಿನಲ್ಲಿ ಎಲ್ಲರ ಬಾಯಲ್ಲೂ ಅವರು ಶೀನನೇ. ತಾಯಿ ರಾಜೀವಿ ಕಪ್ಪು ಕನ್ನಡಕ ತೆಗೆಯದೆಯೇ ಮನೆಯ ಮಾಡಿನಿಂದ ಅಂಗಳದವರೆಗೆ ಒಂದು ಸಲ ಅಳೆದು ನೋಡಿದಳು. ಹುಡುಗ ಅಜಿತ್ ಕೊನೆಗೆ ಇಳಿದ. ಎತ್ತರದ ಆಳು, ಕೈಯಲ್ಲಿ ಹಾರುವ ಕ್ಯಾಮೆರಾದ ಪೆಟ್ಟಿಗೆ, ಕಾಲಿಗೆ ನೀರಿನಲ್ಲಿ ನಡೆಯಲೆಂದೇ ಮಾಡಿದ ರಬ್ಬರು ಚಪ್ಪಲಿ. ಸಾಸ್ತಾನದಲ್ಲಿ ಯಾವ ನೀರಿತ್ತೋ ದೇವರೇ ಬಲ್ಲ.

ಹೊರಟು ಐದು ನಿಮಿಷವಾಗಲಿಲ್ಲ, ಟೋಲ್ ಗೇಟು ಬಂತು. ಶೀನ ಕಾರು ಬಿಡುತ್ತಿದ್ದ ಮಗನ ಬದಿಯ ಗಾಜು ಇಳಿಸಿ, ತಾವು ಇಲ್ಲೇ ಹುಟ್ಟಿದವರು, ಊರವರಿಗೆಲ್ಲ ಎಂತ ಟೋಲ್ ಎಂದು ವಾದಕ್ಕೆ ನಿಂತರು. ಕಾರಿನ ನಂಬರು ಮಾತ್ರ ಮಹಾರಾಷ್ಟ್ರದ್ದು. ಮುಂಬೈಯ ಮನೆ, ಮುಂಬೈಯ ಹೋಟೆಲು, ಮುಂಬೈಯ ಮಾಲು ಎಂದು ಆಗಲೇ ಶುರು ಮಾಡಿದ್ದ ಮನುಷ್ಯ ಟೋಲಿನ ಎದುರು ಬಂದ ಕೂಡಲೇ ಹಳ್ಳಿಯವರಾಗಿದ್ದರು. ಹಿಂದೆ ನಿಂತ ಲಾರಿಯವನು ಹಾರ್ನಿನ ಮೇಲೆಯೇ ಕೂತುಬಿಟ್ಟ ಮೇಲೆ ಅವರು ಸೋತು ಗಾಜು ಏರಿಸಿದರು.

"ಡಾಕ್ಟ್ರ್ ಅಂದೇಳಿ ಬ್ರೋಕ್ರ್ ಹೇಳಿದ್ದ," ಎಂದು ರಾಜೀವಿ ಕುತ್ತಿಗೆ ತಿರುಗಿಸಿದಳು. "ಹಾರ್ಟಾ, ಸ್ಕಿನ್ನಾ?"

"ದನ," ಎಂದಳು ಸೌಮ್ಯಶ್ರೀ.

ಗಿರಿಜಾ ಮಗಳ ತೊಡೆಯನ್ನು ಚಿವುಟಿದಳು. ಆಮೇಲೆ ರಾಜೀವಿ, "ಹ್ಞಾ, ಅದೂ ಡಾಕ್ಟ್ರೇ ಅಲ್ದಾ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರವಂತೆಯ ಹತ್ತಿರ, ರಸ್ತೆಯ ಒಂದು ಬದಿಗೆ ಕಡಲು ಇನ್ನೊಂದು ಬದಿಗೆ ಹೊಳೆ ಬರುವಲ್ಲಿ, ಶೀನ ತಾವು ಚಿಕ್ಕವರಿದ್ದಾಗ ದಡದಿಂದ ಮೀನಿನ ಬಲೆ ಎಳೆಯುತ್ತಿದ್ದ ಬಡತನದ ಕಥೆ ತೆಗೆದರು. ದುಡ್ಡಾದ ಮೇಲೆ ಬಡತನದಷ್ಟು ರುಚಿಯಾದ ಮಾತು ಇನ್ನೊಂದಿಲ್ಲ.

"ನಾನ್ ಸಣ್ಣಿಪ್ಪತಿಗೆ ಇದೇ ಕರೆಯಂಗೆ ರಂಪಣಿ ಬಲಿ ಎಳುಕ್ ಬತ್ತಿದ್ದೆ. ಚಡ್ಡಿ ಹಿಂದ್ ಬದಿ ಹರ್ದ್ ಹೋಯಿತ್ತ್. ಹಗ್ಗಕ್ ಕೈ ಹಾಯ್ಕದವ್ರಿಗೆಲ್ಲ ಪಾಲ್. ಜಾತಿ ಇಲ್ಲೆ, ದೊಡ್ಡವ ಸಣ್ಣವ ಅಂದೇಳಿಲ್ಲೆ. ಪಾಲ್ ಬಿಟ್ ಬಂದ್ರೆ ನಮ್ಮ್ ಅಬ್ಬಿ ಮನಿ ಒಳಗ್ ಸೇರ್ಸ್ತಿರ್ಲಿಲ್ಲೆ. ಬಿಟ್ಟ್ ಪಾಲನ್ನ ಬ್ಯಾರೆಯವ್ರ್ ಮುಟ್ಟುಕಿಲ್ಲೆ ಗೊತ್ತಿತ್ತಾ? ಅದ್ ಹದ್ದಿಗೆ. ಕಡಲಮ್ಮ ಕೊಟ್ಟದ್ದನ್ನ ಬ್ಯಾಡ ಅಂದಾಂಗ್ ಆತ್ತ್ ಅಲ್ದಾ?"

ತಾಯಿಯ ಆ ಮಾತು ಹೇಳುತ್ತಾ ಹೇಳುತ್ತಾ ಅವರ ಕಣ್ಣು ಒದ್ದೆಯಾಯಿತು. ಎಲ್ಲಿ ಒದ್ದೆಯಾಗಬೇಕೆಂದು ಕಣ್ಣಿಗೂ ರೂಢಿಯಾಗಿತ್ತು. ಸೌಮ್ಯಶ್ರೀ ಮುಖ ತಿರುಗಿಸಿದಾಗ ಕನ್ನಡಿಯಲ್ಲಿ ಅಜಿತನ ತುಟಿ ಕಂಡಿತು. ಕಾರು ಬಿಡುತ್ತಿದ್ದ ಅವನು ತಂದೆಯ ಕಥೆಯನ್ನು ಸದ್ದಿಲ್ಲದೆ, ಒಂದಕ್ಷರ ಆಚೀಚೆಯಾಗದೆ, ಅವರ ಜೊತೆಜೊತೆಗೇ ಹೇಳುತ್ತಿದ್ದ. ಅವಳಿಗೆ ನಗು ತಡೆಯಲಾಗದೆ ಕೆಮ್ಮಿದಳು. ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನು ಹಿಡಿದು, ಕೂಡಲೇ ರಸ್ತೆಗೆ ಹೋಯಿತು.

ಮೊದಲು ಹೋದದ್ದು ಬೈಂದೂರಿನಿಂದ ಒಳಗೆ, ಗುಡ್ಡದ ಬುಡದಲ್ಲಿ ಹೊಳೆ ಬಂಡೆಯಿಂದ ಜಾರಿ ಬಿದ್ದು ಆಗಿದ್ದ ಒಂದು ಮಡುವಿಗೆ. ಊರವರಿಗೆ ಅದು ಅಬ್ಬಿಗುಂಡಿ. ಯಾರೋ ಅದನ್ನು ‘ಹಿಡನ್ ಪ್ಯಾರಡೈಸ್’ ಎಂದು ಫೋನಿಗೆ ಹಾಕಿದ ಮೇಲೆ, ಅಡಗಿದ್ದ ಸ್ವರ್ಗಕ್ಕೆ ದಾರಿ ತೋರಿಸುವ ಬಾಣದ ಬೋರ್ಡುಗಳು ಎದ್ದಿದ್ದವು. ದಾರಿ ತಪ್ಪಿದರೂ ಭಯವಿರಲಿಲ್ಲ. ಚಿಪ್ಸಿನ ಪೊಟ್ಟಣಗಳನ್ನು ಹಿಂಬಾಲಿಸಿದರೆ ಸಾಕಿತ್ತು.

ಮಡು ಮಾತ್ರ ಚೆನ್ನಾಗಿತ್ತು. ಅದನ್ನು ಯಾರೂ ಹಾಳು ಮಾಡಲಾರರು ಎನ್ನುವ ಹಾಗೆ ಹಸಿರಾಗಿ, ತಣ್ಣಗೆ, ತಳದ ಕಲ್ಲು ಕಾಣುವಷ್ಟು ತಿಳಿಯಾಗಿತ್ತು. ಸೌಮ್ಯಶ್ರೀಗೆ ಬಟ್ಟೆ ಸಮೇತ ಹಾರಿಬಿಡಬೇಕೆನ್ನಿಸಿತು. ಅವಳು ಚಪ್ಪಲಿ ಬಿಡುವುದನ್ನು ಕಂಡ ಗಿರಿಜಾ, "ನೀರಿಗೆ ಇಳುಕಾಗ. ಮೈಗಂಟದ್ ಬಟ್ಟಿ ಅವ್ರೆದ್ರ್ ಚಂದ ಕಾಣುದಿಲ್ಲೆ," ಎಂದು ಹಲ್ಲು ಕಚ್ಚಿಕೊಂಡೇ ಹೇಳಿದಳು. ನೋಡುವುದಕ್ಕೆಂದೇ ಕರೆದುಕೊಂಡು ಬಂದು, ಕಾಣಬಾರದು ಎನ್ನುತ್ತಿದ್ದಳು. ಮಗಳು ಬಂಡೆಯ ಮೇಲೆ ಕೂತು ಪಾದ ಮಾತ್ರ ಮುಳುಗಿಸಿದಳು.

ರಾಜೀವಿಯೂ ಟವಲು ಹಾಸಿ ಕೂತು ಕಾಲು ಇಳಿಬಿಟ್ಟಳು. ಬೆರಳುದ್ದದ ಮೀನುಗಳು ಬಂದು ಹಿಮ್ಮಡಿ ಕಚ್ಚತೊಡಗಿದವು. "ಮುಂಬೈ ಮಾಲಂಗೆ ಇದ್ಕೇ ದುಡ್ಡ್ ತಕಂತ್ರ್!" ಎಂದು ಅವಳು ಮೊದಲು ಬೀಗಿದಳು. ಒಂದು ಸ್ವಲ್ಪ ದೊಡ್ಡ ಮೀನು ಬಂದು ಬಾಯಿ ಹಾಕಿದಾಗ ಕಿರುಚಿ, ಟವಲನ್ನೂ ಕಪ್ಪು ಕನ್ನಡಕವನ್ನೂ ನೀರಿಗೆ ಬೀಳಿಸಿ ಎದ್ದಳು. ಕನ್ನಡಕವಿಲ್ಲದ ಅವಳ ಕಣ್ಣು ಸಣ್ಣದಾಗಿ, ಹೆದರಿಕೊಂಡಿತ್ತು. ಶೀನ ಬಗ್ಗಿ ಕನ್ನಡಕ ತೆಗೆದುಕೊಟ್ಟ ಮೇಲೆ ಮತ್ತೆ ಹಳೆಯ ರಾಜೀವಿಯೇ ಆದಳು.

ಆದರೆ ಆ ದಿನದ ನಿಜವಾದ ನೋಟ ಅಜಿತನದು. ತಾಯಿ ಚೀಲದಿಂದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೆಗೆದು, ಅವನ ಎದೆಗೆ ಕಟ್ಟಿ, ಪಟ್ಟಿಗಳನ್ನು ಎಳೆದೆಳೆದು ನೋಡಿ ನೀರಿಗಿಳಿಸಿದಳು. ನೀರು ಅವನ ಹೊಕ್ಕುಳಿಗೆ ಬಂತು. ಅಷ್ಟು ಎತ್ತರದ ಮನುಷ್ಯ ಎದೆಗೆ ಗಾಳಿ ಕಟ್ಟಿಕೊಂಡು ಸೊಂಟದ ನೀರಿನಲ್ಲಿ ಸುಮ್ಮನೆ ನಿಂತಿದ್ದ. ಆಚೆ ದಡದಲ್ಲಿ ಊರಿನ ಹೆಣ್ಣುಮಕ್ಕಳು ಬಂಡೆಯಿಂದ ದುಡುಮ್ಮೆಂದು ಹಾರುತ್ತಿದ್ದರು. ಮನೆಗೆ ಹೋಗಿ ಅಮ್ಮನಿಗೆ ಹೇಳಬೇಕಾದ ಕಾರಣ ಸಿಕ್ಕಿತೆಂದು ಸೌಮ್ಯಶ್ರೀಗೆ ಒಳಗೊಳಗೇ ಸಂತೋಷವಾಯಿತು.

ದೊಡ್ಡವರು ಮೂವರೂ ಒಂದು ಮರ ಹತ್ತಿರದಿಂದ ನೋಡುವ ನೆಪದಲ್ಲಿ ದೂರ ಸರಿದರು. ಅಷ್ಟು ಹೊತ್ತು ಯಾರೂ ಯಾವ ಮರವನ್ನೂ ನೋಡಿರಲಿಲ್ಲ. ಅಜಿತ್ ನೀರಿನಿಂದ ಬಂದು ಸ್ವಲ್ಪ ದೂರದಲ್ಲಿ ಕೂತ. ಜಾಕೆಟ್ಟಿನಿಂದ ನೀರು ಸುರಿಯುತ್ತಿತ್ತು.

"ನೀವ್ ನಗಾಡ್ತಿದ್ರಿ," ಎಂದ.

"ಇಲ್ಲೆ."

"ನಗಾಡಿ, ಅಡ್ಡಿಲ್ಲೆ. ನಂಗೆ ಈಜುಕ್ ಬತ್ತ್. ಶಾಲಿಯಂಗೆ ಇಪ್ಪತಿಗೆ ಕಪ್ ಬಂದಿತ್ತ್."

"ಮತ್ತೆ ಇದ್ ಎಂತಕ್ಕೆ?"

"ಮಮ್ಮಿಗೆ ಹೆದ್ರಿಕಿ. ಹಾಯ್ಕಣ್ದಿದ್ರೆ ಇಡೀ ದಿನ ಮುಖ ಸಣ್ಣ ಮಾಡ್ಕಂಡ್ ಕೂಕಂತ್ರ್. ಅದ್ಕಿಂತ ಇದ್ ಹಗುರ."

ಅವಳಿಗೆ ಅದು ಕೆಟ್ಟ ಉತ್ತರವೆಂದು ಅನ್ನಿಸಲಿಲ್ಲ. ತಾಯಿಯ ಹೆದರಿಕೆಗೆ ಊರೆದುರು ನಗೆಪಾಟಲಾಗಲು ಒಪ್ಪಿದವನನ್ನು ಹೇಡಿ ಎನ್ನುವುದೋ ಒಳ್ಳೆಯವನು ಎನ್ನುವುದೋ ತಿಳಿಯಲಿಲ್ಲ. ಸಿಕ್ಕಿದ್ದ ಕಾರಣ ಕೈಜಾರಿದ್ದರಿಂದ ಸ್ವಲ್ಪ ಸಿಟ್ಟೂ ಬಂತು.

"ನಿಮಗ್ ಎಂತ ಬೇಕ್?" ಎಂದು ಕೇಳಿದಳು. "ಹೆಂಡ್ತಿ ಸುದ್ದಿ ಅಲ್ಲ. ಸುಮ್ನೆ ಕೇಂಡದ್ದ್."

ಅವನು ಜಾಕೆಟ್ಟಿನ ಒಂದು ಪಟ್ಟಿ ಸಡಿಲಿಸಿದ. "ಇಷ್ಟ್ ದಿನ ಯಾರೂ ಕೇಣ್ಲಿಲ್ಲೆ," ಎಂದ. ಇನ್ನೇನೋ ಹೇಳುತ್ತಿದ್ದನೇನೋ, ಅಷ್ಟರಲ್ಲಿ ರಾಜೀವಿ ತಲೆ ಒರೆಸಿಕೋ ಎಂದು ಕೂಗಿದಳು. ಅವನು ಎದ್ದು ಹೋದ.

ಊಟ ಹೆದ್ದಾರಿಯ ಏಸಿ ಹೋಟೆಲಿನಲ್ಲಾಯಿತು. ಅಲ್ಲಿನ ಅಂಜಲ್ ಫ್ರೈಯ ಮೇಲೆ ಮೀನಿಗಿಂತ ಹೆಚ್ಚು ಹಿಟ್ಟಿತ್ತು. ಹೋಟೆಲಿನವರಾದ ಶೀನ ಪ್ರತಿಯೊಂದು ತಟ್ಟೆಯನ್ನೂ ಎತ್ತಿ ನೋಡಿ, ತಾವಾಗಿದ್ದರೆ ಹೇಗೆ ಮಾಡಿಸುತ್ತಿದ್ದೆವೆಂದು ವಿವರಿಸಿದರು. ಗಿರಿಜಾ ಎಲ್ಲದಕ್ಕೂ ಹೌದು ಹೌದು ಎಂದು ಕುತ್ತಿಗೆ ನೋವು ಬರಿಸಿಕೊಂಡಳು.

ಬಿಸಿಲು ಇಳಿಯುವ ಹೊತ್ತಿಗೆ ಬೈಂದೂರಿನ ಈಚೆಗೆ ಒಂದು ಕಡಲ ಕರೆಗೆ ಬಂದರು. ಗಾಳಿಮರಗಳ ಸಾಲು, ಉದ್ದಕ್ಕೆ ಖಾಲಿ ಮರಳು. ರಾಜೀವಿ ಮರಳಿನಲ್ಲಿ ಹಾಕಿದ ಮೊದಲ ಹೆಜ್ಜೆಗೇ ಚಪ್ಪಲಿ ಹೂತುಹೋಯಿತೆಂದು ಕಡಲನ್ನು ಬೈದಳು. ಅಜಿತನ ಕ್ಯಾಮೆರಾ ಗುಂಯ್ ಎಂದು ಮೇಲೇರಿತು. ಅದನ್ನು ಇನ್ನೊಂದು ಜಾತಿಯ ಹಕ್ಕಿಯೆಂದು ತಿಳಿದ ಗಿಡುಗವೊಂದು ಬಂದು ಕಾಲಿನಿಂದ ಒದ್ದಿತು. ಕ್ಯಾಮೆರಾ ತಲೆಕೆಳಗಾಗಿ ಮರಳಿಗೆ ಬಿತ್ತು. ಆ ಇಡೀ ದಿನದಲ್ಲಿ ಸೌಮ್ಯಶ್ರೀಗೆ ಮನಸ್ಸು ತುಂಬಿ ಮೆಚ್ಚುಗೆಯಾದದ್ದು ಆ ಗಿಡುಗದ ಮೇಲೆ.

ಸ್ವಲ್ಪ ಆಚೆ ಕೈರಂಪಣಿ ನಡೆದಿತ್ತು. ದೋಣಿಯವರು ಕಡಲಲ್ಲಿ ಅರ್ಧ ಸುತ್ತು ಬಲೆ ಬಿಟ್ಟು ಬಂದಿದ್ದರು. ಬಲೆಯ ಎರಡು ತುದಿಯ ಹಗ್ಗಗಳನ್ನು ಎರಡು ಗುಂಪಿನವರು ದಡದಿಂದ ಎಳೆಯುತ್ತಿದ್ದರು. ಗಂಡಸರು, ಹೆಂಗಸರು, ದಾರಿಯಲ್ಲಿ ಹೋಗುತ್ತಿದ್ದು ನಿಂತವರು ಎಲ್ಲ ಇದ್ದರು. ತಲೆಗೆ ಬೈರಾಸು ಸುತ್ತಿದ್ದ ತಂಡದ ಯಜಮಾನ ಸುಬ್ಬ, ನೋಡುತ್ತಾ ನಿಂತ ಇವರನ್ನು ಕಂಡು ದೂರದಿಂದಲೇ ಕೂಗಿದ.

"ಹ್ವಾಯ್! ನಿಂತ್ಕಂಡ್ ಕಾಂಬ್ದೆಂತ? ಬನ್ನಿ, ಒಂದ್ ಕೈ ಹಾಯ್ಕಿ!"

"ಹೋಗ್ ಅಜೂ, ಹೋಗ್! ವಿಡಿಯೋ ಮಾಡುವ!" ಎಂದು ಶೀನ ಫೋನು ತೆಗೆದರು. ಅಜಿತ್ ಹೋಗಿ ಹಗ್ಗ ಹಿಡಿದ. ಹಲ್ಲು ಬಿಟ್ಟ, ಎಳೆದಂತೆ ಮಾಡಿದ. "ಸಾಕ್, ಚಂದ ಬಂದಿತ್ತ್, ಬಾ," ಎಂದರು ಶೀನ.

ಅಜಿತ್ ಬರಲಿಲ್ಲ. ಬಿಸಿಲಿಗೆಂದು ಹಾಕಿದ್ದ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡ. ರಬ್ಬರು ಚಪ್ಪಲಿಯನ್ನು ಕಳಚಿ ಹಿಂದಕ್ಕೆ ಒದ್ದ. ಮರಳಿನಲ್ಲಿ ಹಿಮ್ಮಡಿ ಊರಿ, ಮುಂದಿನವನ ಉಸಿರಿಗೆ ತನ್ನ ಉಸಿರು ಕೂಡಿಸಿ ಎಳೆಯತೊಡಗಿದ. ಈ ಸಲ ಫೋನಿನ ಕಡೆ ಅವನ ಮುಖವಿರಲಿಲ್ಲ.

ಸೌಮ್ಯಶ್ರೀ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ವೇಲನ್ನು ಸೊಂಟಕ್ಕೆ ಬಿಗಿದು, ಹೋಗಿ ಅವನ ಹಿಂದೆ ಹಗ್ಗ ಹಿಡಿದಳು. "ಅಯ್ಯೋ ಹೆಣೆ!" ಎಂದು ತಾಯಿ ಕೂಗಿದ್ದು ಗಾಳಿಗೆ ಹೋಯಿತು. ದನದ ಹೊಟ್ಟೆಯಲ್ಲಿ ಕರು ಅಡ್ಡವಾಗಿ ಸಿಕ್ಕಿಕೊಂಡಾಗ ಹಗ್ಗ ಹಾಕಿ ಎಳೆದು ಅಭ್ಯಾಸವಿದ್ದ ಕೈ ಅವಳದು. ಆದರೂ ಉಪ್ಪುನೀರು ಕುಡಿದ ಈ ಒರಟು ಹಗ್ಗ ಅಂಗೈಯನ್ನು ಕಿತ್ತು ತಿನ್ನುವ ಹಾಗಿತ್ತು. ಎಳೆದಷ್ಟೂ ಕಡಲು ಹಿಂದಕ್ಕೆ ಎಳೆಯುತ್ತಿತ್ತು. ಒಂದು ದೊಡ್ಡ ತೆರೆಗೆ ಹಗ್ಗ ಸಡಿಲಾಗಿ ಅಜಿತ್ ದೊಪ್ಪನೆ ಅವಳ ಕಾಲ ಬುಡಕ್ಕೆ ಬಿದ್ದ. ತಾಯಿಯ ಕಡೆ ತಿರುಗಿಯೂ ನೋಡದೆ, ಮೈಯೆಲ್ಲ ಮರಳಾಗಿಯೇ ಎದ್ದು ಮತ್ತೆ ಹಗ್ಗ ಹಿಡಿದ. ಕೆಂಪಾದ ಅಂಗೈಯನ್ನು ಅವಳಿಗೆ ತೋರಿಸಿ ನಕ್ಕ. ಅವಳೂ ತನ್ನದನ್ನು ತೋರಿಸಿದಳು.

"ಬೆಳಿಗ್ಗೆ ಕೇಂಡ್ರಲೆ, ಎಂತ ಬೇಕ್ ಅಂದೇಳಿ," ಎಂದ ಏದುಸಿರಿನಲ್ಲಿ. "ಇದ್. ಹೀಂಗಿದ್ದ್ ಎಂತಾರೂ."

ಅಲ್ಲಿಗೆ ಅವಳು ತೀರ್ಮಾನ ಮಾಡಿದಳು. ಅಮ್ಮನಿಗೆ ಹೂಂ ಎಂದು ಹೇಳಿಬಿಡುವುದು. ಕಾರಣ ಕೇಳಿದರೆ ಅದಕ್ಕೂ ಒಂದಿತ್ತು: ಇವನ ಜೊತೆ ಕೂತು ನಗಬಹುದು. ಬೆಳಗಿನಿಂದ ಒಬ್ಬೊಬ್ಬರನ್ನೂ ಗೇಲಿ ಮಾಡಿ ಮಾಡಿ ದಣಿದಿದ್ದ ಅವಳ ಮನಸ್ಸು ಒಮ್ಮೆಲೇ ಹಗುರವಾಯಿತು. ಅವಳು ನಿಜಕ್ಕೂ ಸುಖವಾಗಿದ್ದಳು.

ಬಲೆ ದಡಕ್ಕೆ ಬಂತು. ಬಂಗುಡೆ, ಬೈಗೆ, ನಡುವೆ ಒಂದಷ್ಟು ಕಾಣೆ ಮೀನು ಮರಳ ಮೇಲೆ ಪಟಪಟನೆ ಬಡಿದುಕೊಂಡವು. ಮಾರುವ ಮೀನನ್ನು ಬುಟ್ಟಿಗೆ ತುಂಬಿದ ಮೇಲೆ ಸುಬ್ಬ ಉಳಿದದ್ದನ್ನು ಕೈಯಲ್ಲೇ ಪಾಲು ಹಾಕುತ್ತಾ ಬಂದ. ಹಗ್ಗ ಹಿಡಿದವರ ಎದುರೆಲ್ಲ ಒಂದೊಂದು ಸಣ್ಣ ಗುಪ್ಪೆ.

"ಇದ್ ಅಕ್ಕಂದ್. ಇದ್ ನಿಮ್ದ್. ತಕಣಿ," ಎಂದು ಇವರಿಬ್ಬರ ಎದುರೂ ಹಾಕಿ ಮುಂದೆ ಹೋದ.

ಅಜಿತ್ ಬಗ್ಗಿ ತನ್ನ ಗುಪ್ಪೆಯಿಂದ ಒಂದು ಬಂಗುಡೆಯನ್ನು ಕೈಗೆತ್ತಿಕೊಂಡ. ಅದು ಇನ್ನೂ ಬಾಲ ಆಡಿಸುತ್ತಿತ್ತು. ಅವನ ಮುಖದಲ್ಲಿ ಶಾಲೆಯಲ್ಲಿ ಕಪ್ ಗೆದ್ದ ದಿನ ಇದ್ದಿರಬಹುದಾದ ನಗು ಇತ್ತು.

"ಅಜೂ, ಅದೆಂತ ಕೈಯಂಗೆ? ಬಿಡ್!" ರಾಜೀವಿ ಮೂಗು ಮುಚ್ಚಿಕೊಂಡೇ ಬಂದಳು. "ಕಾರಂಗೆ ನಾತ ಹೊಡಿತ್ತ್. ಸೀಟ್ ಹೊಸ್ತ್. ಬೇಕಾರೆ ಹೋಟ್ಲಂಗೆ ಫ್ರೈ ತಿಂಬ."

ಅಜಿತ್ ತಾಯಿಯ ಮುಖ ನೋಡಿದ. ಆ ಮುಖ ಸಣ್ಣದಾಗುವುದಕ್ಕೆ ಆಗಲೇ ಶುರುವಾಗಿತ್ತು. ಅವನು ಬಗ್ಗಿ, ಬಂಗುಡೆಯನ್ನು ಮೆಲ್ಲಗೆ ಗುಪ್ಪೆಗೆ ವಾಪಸು ಇಟ್ಟ. ತಾಯಿ ಕೊಟ್ಟ ಒದ್ದೆ ಕಾಗದದಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡ.

ಸೌಮ್ಯಶ್ರೀಗೆ ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು. ಮೀನು ಒಯ್ಯದಿದ್ದರೆ ಪ್ರಪಂಚವೇನೂ ಮುಳುಗುವುದಿಲ್ಲ. ಆದರೆ ಈಗಷ್ಟೇ ಇದು ಬೇಕು ಎಂದಿದ್ದವನು, ಅದು ಕೈಗೇ ಬಂದಾಗ ಕೆಳಗಿಟ್ಟಿದ್ದ. ತಿಳಿಯದೆ ಇಟ್ಟದ್ದಲ್ಲ. ಬಿಟ್ಟ ಪಾಲು ಏನಾಗುತ್ತದೆಂದು ಅವನಿಗೆ ಬಾಯಿಪಾಠವಿತ್ತು. ಬೆಳಿಗ್ಗೆ ಕನ್ನಡಿಯಲ್ಲಿ ಅವಳೇ ನೋಡಿದ್ದಳು.

ಅವಳು ಶೀನರ ಕಡೆ ತಿರುಗಿದಳು. "ಮಾವ, ನೀವೇ ಹೇಳಿದ್ರಲೆ? ಪಾಲ್ ಬಿಟ್ ಬಂದ್ರೆ ಅಬ್ಬಿ ಮನಿ ಒಳಗ್ ಸೇರ್ಸ್ತಿರ್ಲಿಲ್ಲೆ ಅಂದೇಳಿ?"

"ಅದ್ ಆ ಕಾಲ ಮಗಾ," ಎಂದು ಶೀನ ದೊಡ್ಡದಾಗಿ ನಕ್ಕರು. "ಆಗ ಹೊಟ್ಟಿಗಿರ್ಲಿಲ್ಲೆ." ಕಿಸೆಯಿಂದ ಒಂದು ನೋಟು ತೆಗೆದು, "ಚಾಯಕ್ಕೆ ಇಟ್ಕಣಿ," ಎಂದು ಸುಬ್ಬನ ಬೆನ್ನಿಗೆ ಚಾಚಿದರು. ಸುಬ್ಬ ಆಗಲೇ ಬೇರೆಯವರ ಪಾಲು ಹಾಕುತ್ತಿದ್ದ, ತಿರುಗಲಿಲ್ಲ. ನೋಟು ಗಾಳಿಗೆ ಸ್ವಲ್ಪ ಹೊತ್ತು ಬಡಿದುಕೊಂಡು ಕಿಸೆಗೇ ಹೋಯಿತು. ಕಣ್ಣೊದ್ದೆ ಮಾಡಿಕೊಂಡು ಹೇಳಿದ ಆ ಕಥೆಯೆಲ್ಲ ಕಾರಿನೊಳಗೆ ಏಸಿ ಹಾಕಿಕೊಂಡು ಸವಿಯುವುದಕ್ಕೆ ಮಾತ್ರ ಇತ್ತು.

ಸೌಮ್ಯಶ್ರೀ ವೇಲನ್ನು ಬಿಚ್ಚಿ ಮರಳ ಮೇಲೆ ಹಾಸಿದಳು. ತನ್ನ ಪಾಲಿನ ಮೀನುಗಳನ್ನು ಒಂದೊಂದಾಗಿ ಅದರಲ್ಲಿಟ್ಟು ಗಂಟು ಕಟ್ಟಿದಳು. ಹಳದಿ ವೇಲು, ಅಮ್ಮ ಈ ದಿನಕ್ಕೆಂದೇ ಕುಂದಾಪುರದಿಂದ ತಂದದ್ದು.

"ಡಿಕ್ಕಿಯಂಗೂ ಬ್ಯಾಡ ಹಾಂ," ಎಂದಳು ರಾಜೀವಿ.

ಅಜಿತ್ ಹತ್ತಿರ ಬಂದು ದನಿ ತಗ್ಗಿಸಿದ. "ಬಿಟ್ ಬಿಡಿ ಇವ್ರೇ. ನಾಳೆ ನಾನ್ ಮಾರ್ಕೆಟಿಂದ ದೊಡ್ಡ್ ಅಂಜಲ್ಲೇ ಕಳ್ಸ್ತೆ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು.

"ನಾನ್ ಬಸ್ಸಿಗ್ ಬತ್ತೆ," ಎಂದಳು.

ಗಿರಿಜಾ ಒಮ್ಮೆ ಕಾರನ್ನು, ಒಮ್ಮೆ ಮಗಳನ್ನು ನೋಡಿದಳು. ನೋಡಿ, ಕಾರು ಹತ್ತಿದಳು. ಮಗಳು ಕೈಬಿಟ್ಟ ಸಂಬಂಧವನ್ನು ಯಾರಾದರೊಬ್ಬರು ಹಿಡಿದುಕೊಂಡು ಕೂರಬೇಕಿತ್ತಲ್ಲ. ಹೆದ್ದಾರಿಯವರೆಗೆ ಬಂದು ಸೌಮ್ಯಶ್ರೀ ಕಡಲ ಕಡೆ ತಿರುಗಿದಾಗ, ಅಜಿತನ ಗುಪ್ಪೆ ಅಲ್ಲೇ ಇತ್ತು. ಎಲ್ಲರ ಪಾಲೂ ಎದ್ದುಹೋದ ಮರಳಿನಲ್ಲಿ ಅದೊಂದೇ. ಅಕ್ಕಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸರು ಅದನ್ನು ಸುತ್ತಿಕೊಂಡು ಹೋಗುತ್ತಿದ್ದರು.

ಬಸ್ಸಿನಲ್ಲಿ ಕಂಡಕ್ಟರ್ ಗಂಟನ್ನು ನೋಡಿ, "ಹಿಂದ್ ಹೋಯ್ನಿ, ಹಿಂದ್," ಎಂದ. ಹಿಂದಿನ ಸೀಟಿನಲ್ಲಿ ಕೂತ ಮೇಲೆ ಅವಳಿಗೆ ಅಳು ಬಂತು. ಅಷ್ಟೊಂದು ಜನರ ಮೇಲೆ ಮೂಗು ಮುರಿದು, ಕೊನೆಗೊಬ್ಬನ ಮೇಲೆ ಆಸೆಯಿಟ್ಟದ್ದು ಒಂದು ಬಲೆ ಎಳೆಯುವಷ್ಟು ಹೊತ್ತು. ಮಡಿಲಲ್ಲಿ ಬಂಗುಡೆ ಇಟ್ಟುಕೊಂಡು ಬಸ್ಸಿನಲ್ಲಿ ಅಳುವಷ್ಟು ಪೆದ್ದಿ ತಾನಲ್ಲ ಎಂದು ಬೈದುಕೊಂಡಳು. ಕುಂದಾಪುರ ಬರುವವರೆಗೆ ಬೈದುಕೊಳ್ಳುತ್ತಲೇ ಇರಬೇಕಾಯಿತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಗಿರಿಜಾ ಜಗಲಿಯಲ್ಲಿ ಫೋನನ್ನು ಎದೆಗವುಚಿಕೊಂಡು ಕೂತಿದ್ದಳು. ಮುಖದಲ್ಲಿ ಸಿಟ್ಟಿನ ಮೇಲೆ ಸಂತೋಷ ಹತ್ತಿ ಕೂತಿತ್ತು.

"ನಿನ್ನ ಪುಣ್ಯ! ಅವ್ರಿಗೆ ಒಪ್ಪಿಗಿ ಅಂಬ್ರ್. ಹೆಣ್ ಸ್ವಲ್ಪ ಹಟದ್ದ್, ಆರೆ ಮುಂಬೈಗ್ ಬಂದ್ ಒಂದ್ ವರ್ಷಕ್ಕೆ ಸರಿ ಆತ್ತ್ ಅಂದ್ರ್ ರಾಜೀವಿ ಅಕ್ಕ. ಗಂಡಿಗಂತೂ ಮಸ್ತ್ ಖುಷಿ ಆಯಿತ್ತಂಬ್ರ್. ನಾನ್ ಎಂತ ಹೇಳ್ಲಿ?"

"ಮೀನ್ ಕೊಯ್ದ್ ಬತ್ತೆ," ಎಂದಳು ಸೌಮ್ಯಶ್ರೀ.

ಹಿತ್ತಲ ಕಲ್ಲಿನ ಮೇಲೆ ಕೊಯ್ದು, ತೊಳೆದು, ಕೆಂಪು ಮೆಣಸು ಹುಣಸೆ ಅರೆದು ಸಾರಿಗಿಟ್ಟಳು. ಅಂಗೈಯ ಕಿತ್ತ ಚರ್ಮಕ್ಕೆ ಮೆಣಸು ತಾಗಿ ಕಣ್ಣಲ್ಲಿ ನೀರು ಬಂತು. ಸಾರು ಕುದಿಯುತ್ತಿರುವಾಗ ಫೋನು ಸದ್ದು ಮಾಡಿತು. ಅಜಿತ್.

"ಇವತ್ ಬೇಜಾರಾಯ್ತಾ? ಮಮ್ಮಿಗೆ ವಾಸ್ನಿ ಆತಿಲ್ಲೆ. ನಂಗೆ ನೀವ್ ಇಷ್ಟ. ಮೀನ್ ಹ್ಯಾಂಗಿತ್ತ್?"

ಅವಳು ಉದ್ದಕ್ಕೆ ಏನೇನೋ ಬರೆದಳು. ಲೈಫ್ ಜಾಕೆಟ್ಟು, ಟೋಲು, ಹಿಟ್ಟಿನ ಅಂಜಲು, ಗಿಡುಗ, ಯಾವುದನ್ನೂ ಬಿಡಲಿಲ್ಲ. ಎಲ್ಲವನ್ನೂ ಅಳಿಸಿ ಒಂದೇ ಸಾಲು ಕಳಿಸಿದಳು.

"ನಿಮ್ ಪಾಲ್ ಅಲ್ಲೇ ಇತ್ತ್. ಬಂದ್ ತಕಂಡ್ ಹೋಯ್ನಿ."

ಕಳಿಸಿ, ಸೌಟು ಹಿಡಿದುಕೊಂಡು ನಿಂತಳು. ಸಾರು ಉಕ್ಕುತ್ತಿದ್ದರೂ ನೋಡಲಿಲ್ಲ. ಅವನು ಬತ್ತೆ ಎಂದರೆ, ಈಗಲೇ ಹೊರಟೆ ಎಂದರೆ, ಕತ್ತಲಲ್ಲಿ ಅಲ್ಲಿ ಏನೂ ಸಿಗದಿದ್ದರೂ ಸರಿ, ಅಮ್ಮನಿಗೆ ಹೂಂ ಎಂದುಬಿಡಲು ಅವಳು ತಯಾರಿದ್ದಳು. ಅಷ್ಟು ಬೇಕಾಗಿತ್ತು ಅವಳಿಗೆ ಆ ಹೂಂ.

ಉತ್ತರ ಬೇಗನೇ ಬಂತು. ನಗುವ ಮುಖಗಳ ಒಂದು ಸಾಲು, ಅದರ ಕೆಳಗೆ, "ಇಷ್ಟೊತ್ತಿಗೆ ಹದ್ದ್ ತಿಂದಿರತ್ತ್ ಬಿಡಿ."

ಅವಳು ಒಲೆ ಆರಿಸಿದಳು. ಫೋನನ್ನು ತಂದು ತಾಯಿಯ ಕೈಗಿಟ್ಟಳು.

"ಆತಿಲ್ಲೆ ಅಂದೇಳಿ ಹೇಳ್ ಅಮ್ಮ."

ಗಿರಿಜಾ ಕನ್ನಡಕ ಹಾಕಿಕೊಂಡು ಓದಿದಳು, ಇನ್ನೊಮ್ಮೆ ಓದಿದಳು. ಅದರಲ್ಲಿ ಸಂಬಂಧ ಮುರಿಯುವಂಥದ್ದೇನೂ ಅವಳಿಗೆ ಕಾಣಲಿಲ್ಲ. "ಇದೆಂತ ಕಾರಣ ಮಾರಾಯ್ತಿ? ಮೀನಿಗಾಯ್ ಗಂಡನ್ನ ಬಿಟ್ಟ್ ಹೆಣ್ ಅಂದೇಳಿ ಊರೆಲ್ಲ ನಗಾಡ್ತ್!"

"ನಾನ್ ಎಂತದೂ ಬಿಡ್ಲಿಲ್ಲೆ ಅಮ್ಮ. ಹೊತ್ಕಂಡೇ ಬಂದಿದೆ. ಬಿಟ್ಟದ್ ಅವ."

ಗಿರಿಜಾ ಫೋನನ್ನು ಕೆಳಗಿಟ್ಟಳು. ಅವಳ ಕಣ್ಣಿಂದ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು ಎದ್ದು, ಎರಡು ತಟ್ಟೆಗೆ ಅನ್ನ ಬಡಿಸಿದಳು. ಟಿವಿ ಹಾಕಲಿಲ್ಲ. ಸಾರಿನಿಂದ ಒಂದು ಬಂಗುಡೆಯನ್ನು ಮಗಳಿಗೆ ಹಾಕಿ, ಇನ್ನೊಂದನ್ನು ತನಗೇ ಹಾಕಿಕೊಂಡು, ಸ್ವಲ್ಪ ಬಾಯಿಗಿಟ್ಟಳು.

"ತಾಜಾ ಇತ್ತ್," ಎಂದಳು ಕೊನೆಗೆ.

ಸೌಮ್ಯಶ್ರೀ ಅನ್ನ ಕಲಸಿದಳು. ಬಿಸಿ ಸಾರು ಅಂಗೈಯ ಗಾಯಕ್ಕೆ ತಾಗಿ ಬೆಂಕಿಯ ಹಾಗೆ ಉರಿಯಿತು. ಬ್ರಹ್ಮಾವರದ ಬಂಗಲೆಯಲ್ಲಿ ಅವನ ಅಂಗೈಯೂ ಈಗ ಹೀಗೇ ಉರಿಯುತ್ತಿರುತ್ತದೆ. ಅವನ ಪಾಲಿಗೆ ಉರಿ ಮಾತ್ರ.